ಹಳೆಯ ಕಾನೂನುಗಳು ಏಕೆ ಉಳಿದುಕೊಳ್ಳುತ್ತವೆ, ಶಾಸನಸಭೆಗಳನ್ನು ಹೇಗೆ ಸುಧಾರಿಸಬಹುದು: ಪದೇ ಪದೇ ಕೇಳುವ ಪ್ರಶ್ನೆಗಳು

ವಯಸ್ಸಾದ ಕಾನೂನುಗಳನ್ನೆಲ್ಲ ಹಳತಾದ ಕಾನೂನುಗಳೆಂದು ಕರೆಯಬಹುದೇ?

ಕರೆಯಲಾಗದು. ಇಂಗ್ಲೆಂಡಿನಲ್ಲಿ 1267ರ ಮಾರ್ಲ್‌ಬರೋ ಶಾಸನದ ಕೆಲವು ಭಾಗಗಳು ಇಂದಿಗೂ ಜಾರಿಯಲ್ಲಿವೆ. ಗೇಣಿದಾರನು ತನ್ನ ವಶದಲ್ಲಿರುವ ಜಮೀನನ್ನು ಹಾಳುಗೆಡವಬಾರದೆಂಬ ನಿಯಮ ಅವುಗಳಲ್ಲೊಂದು. ಬಂಧಿತರನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕೆಂಬ ರಕ್ಷಣೆಯನ್ನು ಗಟ್ಟಿಗೊಳಿಸಿದ ಹೇಬಿಯಸ್ ಕಾರ್ಪಸ್ ಕಾಯ್ದೆ 1679ರದ್ದು, ಅದನ್ನು ಹಳತೆನ್ನುವವರು ಯಾರೂ ಇಲ್ಲ. ಆದ್ದರಿಂದ ಕಾನೂನಿನ ಪ್ರಾಯವನ್ನು ಎಣಿಸಿ ತೀರ್ಪು ಕೊಡುವುದು ಸರಿಯಲ್ಲ.

ಒಂದು ಕಾನೂನು ಹಳತಾಗುವುದಕ್ಕೆ ಬೇರೆ ಬೇರೆ ಕಾರಣಗಳಿರುತ್ತವೆ. ಅದು ನಿಯಂತ್ರಿಸಬೇಕಿದ್ದ ವಸ್ತುವೇ ಇಲ್ಲವಾಗಿರಬಹುದು. ನಂತರ ಬಂದ ಇನ್ನೊಂದು ಕಾಯ್ದೆ ಅದರ ಕೆಲಸವನ್ನು ಪೂರ್ತಿಯಾಗಿ ವಹಿಸಿಕೊಂಡಿರಬಹುದು. ನ್ಯಾಯಾಲಯ ಅದನ್ನು ಅಸಿಂಧುವೆಂದು ಘೋಷಿಸಿದ್ದರೂ ಪುಸ್ತಕದಿಂದ ಅದು ಹೊರಹೋಗದೆ ಇರಬಹುದು. ಇಲ್ಲವೇ ಅದನ್ನು ಬರೆದ ಕಾಲದ ನ್ಯಾಯದ ಕಲ್ಪನೆಯನ್ನು ಇಂದಿನ ಸಮಾಜ ಒಪ್ಪದೆ ಇರಬಹುದು. ಮೊದಲ ಮೂರು ಬಗೆಯವುಗಳನ್ನು ಗುರುತಿಸುವುದು ಸುಲಭ. ನಾಲ್ಕನೆಯ ಬಗೆಯಲ್ಲಿ ಜಗಳವಿದೆ, ಏಕೆಂದರೆ ಯಾವುದು ಹಳತು ಎಂಬುದರ ಬಗ್ಗೆ ಸಮಾಜದೊಳಗೇ ಒಮ್ಮತವಿರುವುದಿಲ್ಲ. ಶಾಸನಸಭೆ ಇರುವುದೇ ಅಂಥ ಜಗಳವನ್ನು ಬಹಿರಂಗವಾಗಿ ಚರ್ಚಿಸಿ ಬಗೆಹರಿಸುವುದಕ್ಕೆ. ಅದನ್ನು ಮುಂದೂಡುತ್ತಲೇ ಹೋಗುವ ಸಭೆ ತನ್ನ ಕರ್ತವ್ಯದಿಂದ ಹಿಂದೆ ಸರಿಯುತ್ತಿದೆಯೆಂದೇ ನಾನು ತಿಳಿಯುತ್ತೇನೆ.

ದೀರ್ಘಕಾಲ ಬಳಕೆಯಲ್ಲಿಲ್ಲದ ಕಾನೂನು ತಾನಾಗಿಯೇ ರದ್ದಾಗುವುದಿಲ್ಲವೇ?

ಹೆಚ್ಚಿನ ದೇಶಗಳಲ್ಲಿ ರದ್ದಾಗುವುದಿಲ್ಲ. ರೋಮನ್ ಕಾನೂನಿನಲ್ಲಿ ಬಳಕೆ ತಪ್ಪಿದ ಶಾಸನ ಬಲ ಕಳೆದುಕೊಳ್ಳುತ್ತದೆಂಬ ತತ್ವವಿತ್ತು. ಸ್ಕಾಟ್ಲೆಂಡಿನಲ್ಲಿ 1707ಕ್ಕಿಂತ ಹಿಂದಿನ, ಅಲ್ಲಿನ ಸ್ವಂತ ಸಂಸತ್ತಿನ ಶಾಸನಗಳಿಗೆ ಈ ತತ್ವ ಅನ್ವಯಿಸುತ್ತದೆ. ಭಾರತದ ಸರ್ವೋಚ್ಚ ನ್ಯಾಯಾಲಯವೂ 1995ರಲ್ಲಿ, ಪುಣೆ ನಗರಪಾಲಿಕೆ ಕಕ್ಷಿಯಾಗಿದ್ದ ಪ್ರಕರಣವೊಂದರಲ್ಲಿ, ಇದನ್ನು ಒಪ್ಪಿಕೊಂಡಿತು. ಆದರೆ ಬಹುಕಾಲ ಬಳಸದೆ ಇದ್ದರಷ್ಟೇ ಸಾಲದು, ಅದಕ್ಕೆ ವಿರುದ್ಧವಾದ ರೂಢಿಯೂ ಬಹುಕಾಲ ನಡೆದುಬಂದಿರಬೇಕು ಎಂಬ ಷರತ್ತು ಅಲ್ಲಿದೆ. ಇಂಗ್ಲೆಂಡಿನ ಕಾನೂನು ಈ ತತ್ವವನ್ನು ಒಪ್ಪುವುದೇ ಇಲ್ಲ.

ಒಪ್ಪದೆ ಇದ್ದರೆ ಏನಾಗುತ್ತದೆಂಬುದಕ್ಕೆ 1817ರ ಒಂದು ಮೊಕದ್ದಮೆ ಸಾಕ್ಷಿ. ಯುವತಿಯೊಬ್ಬಳ ಕೊಲೆಯ ಆರೋಪದಿಂದ ಬಿಡುಗಡೆಯಾಗಿದ್ದ ಅಬ್ರಹಾಂ ಥಾರ್ನ್‌ಟನ್ ಎಂಬಾತನ ಮೇಲೆ ಆಕೆಯ ಅಣ್ಣ ಹಳೆಯ ವಿಧಾನವೊಂದನ್ನು ಹಿಡಿದು ಮತ್ತೆ ದಾವೆ ಹೂಡಿದ. ಥಾರ್ನ್‌ಟನ್ ಅದಕ್ಕಿಂತಲೂ ಹಳೆಯದಾದ ಇನ್ನೊಂದು ಹಕ್ಕನ್ನು ಎತ್ತಿಕೊಂಡ. ನ್ಯಾಯಾಲಯದ ನೆಲದ ಮೇಲೆ ಕೈಗವಸು ಎಸೆದು, ಫಿರ್ಯಾದಿಯೊಂದಿಗೆ ದ್ವಂದ್ವಯುದ್ಧದ ಮೂಲಕ ತನ್ನ ನಿರಪರಾಧವನ್ನು ಸಾಬೀತುಪಡಿಸುವುದಾಗಿ ಹೇಳಿದ. ಅಂಥ ವಿಚಾರಣೆ ತಲೆಮಾರುಗಳಿಂದ ನಡೆದಿರಲಿಲ್ಲ, ಆದರೆ ಸಂಸತ್ತು ಅದನ್ನು ಎಂದೂ ರದ್ದು ಮಾಡಿರಲಿಲ್ಲ. 1818ರಲ್ಲಿ ನ್ಯಾಯಾಧೀಶರು ಆತನಿಗೆ ಆ ಹಕ್ಕಿದೆಯೆಂದು ಒಪ್ಪಬೇಕಾಯಿತು. ಅಣ್ಣ ಹೋರಾಟಕ್ಕೆ ಇಳಿಯಲಿಲ್ಲ, ಆರೋಪಿ ಬಿಡುಗಡೆಯಾಗಿ ಹೋದ. ಸಂಸತ್ತು ಎಚ್ಚೆತ್ತು ಎರಡೂ ವಿಧಾನಗಳನ್ನು ತೆಗೆದುಹಾಕಿದ್ದು 1819ರಲ್ಲಿ.

ಯಾರೂ ಬಳಸದ ಕಾನೂನು ಪುಸ್ತಕದಲ್ಲಿ ಬಿದ್ದಿದ್ದರೆ ನಷ್ಟವೇನು?

ಈ ವಿಷಯದಲ್ಲಿ ಅತ್ಯಂತ ಹೆಚ್ಚು ಕೇಳಿಬರುವ ಮಾತು ಇದೇ, ಅತ್ಯಂತ ಹೆಚ್ಚು ಹಾನಿ ಮಾಡಿರುವ ಮಾತೂ ಇದೇ. ಇದಕ್ಕೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸಬೇಕು.

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ 2016ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರೊಬ್ಬರು ವೃದ್ಧ ದಂಪತಿಯ ಕೊಲೆ ಪ್ರಕರಣದ ತೀರ್ಪನ್ನು ಕ್ಯಾಮೆರಾದ ಮುಂದೆ ಓದಿದರು. ಆರೋಪಿ ಎರಡನೆಯ ದರ್ಜೆಯ ಕೊಲೆಗೆ ತಪ್ಪಿತಸ್ಥನೆಂದು ಘೋಷಿಸುವಾಗ ಅವರು ಆಧರಿಸಿದ್ದು ದಂಡ ಸಂಹಿತೆಯ 230ನೇ ಸೆಕ್ಷನ್ನನ್ನು. ಆ ಸೆಕ್ಷನ್ ಸಂವಿಧಾನಬಾಹಿರವೆಂದು ದೇಶದ ಸರ್ವೋಚ್ಚ ನ್ಯಾಯಾಲಯ 1990ರಲ್ಲೇ ಹೇಳಿಯಾಗಿತ್ತು. ಆದರೆ ಸಂಸತ್ತು ಅದನ್ನು ಸಂಹಿತೆಯಿಂದ ತೆಗೆದಿರಲಿಲ್ಲ, ಆದ್ದರಿಂದ ಅದು ಪ್ರತಿ ಮುದ್ರಣದಲ್ಲೂ ಉಳಿದ ಸೆಕ್ಷನ್‌ಗಳ ನಡುವೆ ಜೀವಂತ ಕಾನೂನಿನಂತೆಯೇ ನಿಂತಿತ್ತು. ತೀರ್ಪು ಹೊರಬಿದ್ದ ದಿನವೇ ಕಾನೂನು ಪ್ರಾಧ್ಯಾಪಕರು ತಪ್ಪನ್ನು ಎತ್ತಿ ತೋರಿಸಿದರು. ಮುಂದಿನ ತಿಂಗಳು ಅದೇ ನ್ಯಾಯಾಧೀಶರು ತೀರ್ಪನ್ನು ಬದಲಿಸಿ, ಕೊಲೆಯ ಬದಲು ಕೊಲೆಯಲ್ಲದ ನರಹತ್ಯೆಯ ಅಪರಾಧವನ್ನು ದಾಖಲಿಸಿದರು. ವರ್ಷಗಳಿಂದ ನ್ಯಾಯಕ್ಕಾಗಿ ಕಾದಿದ್ದ ಒಂದು ಕುಟುಂಬ ಈ ಎರಡು ತೀರ್ಪುಗಳ ನಡುವೆ ಅನುಭವಿಸಿದ್ದನ್ನು ಯೋಚಿಸಿದರೆ, ಪುಸ್ತಕದಲ್ಲಿ ಬಿದ್ದಿದ್ದರೆ ಬಿದ್ದಿರಲಿ ಎನ್ನುವ ಮಾತು ನಾಲಿಗೆಗೆ ಬರಬಾರದು.

ಭಾರತದಲ್ಲಿ ಅಂತರ್ಜಾಲದ ಮೂಲಕ ಆಕ್ಷೇಪಾರ್ಹ ಸಂದೇಶ ಕಳುಹಿಸುವುದನ್ನು ಅಪರಾಧವೆನ್ನುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ನನ್ನು ಸರ್ವೋಚ್ಚ ನ್ಯಾಯಾಲಯ 2015ರ ಮಾರ್ಚ್‌ನಲ್ಲಿ ರದ್ದುಪಡಿಸಿತು. ಅದಾದ ಮೇಲೂ ವರ್ಷಗಟ್ಟಲೆ ಅದೇ ಸೆಕ್ಷನ್ ಅಡಿ ಎಫ್‌ಐಆರ್‌ಗಳು ದಾಖಲಾಗುತ್ತಲೇ ಹೋದವು. 2021ರಲ್ಲಿ ವಿಷಯ ಮತ್ತೆ ನ್ಯಾಯಾಲಯದ ಮುಂದೆ ಬಂದಾಗ ಹೊರಬಿದ್ದ ವಿವರಣೆ ಗಮನಿಸತಕ್ಕದ್ದು: ಮುದ್ರಿತ ಕಾಯ್ದೆಯಲ್ಲಿ ಸೆಕ್ಷನ್ ಹಾಗೆಯೇ ಇದೆ, ಅದು ರದ್ದಾಗಿದೆಯೆಂಬ ಮಾತು ಅಡಿಟಿಪ್ಪಣಿಯಲ್ಲಿ ಮಾತ್ರ ಇದೆ. ಠಾಣೆಯಲ್ಲಿ ದೂರು ಬರೆದುಕೊಳ್ಳುವವರು ಅಡಿಟಿಪ್ಪಣಿ ಓದುತ್ತಾರೆಂದು ನಂಬಿ ನಾಗರಿಕರ ಸ್ವಾತಂತ್ರ್ಯವನ್ನು ಬಿಟ್ಟುಕೊಡಲಾಗದು.

ಅಮೆರಿಕದ ಅರಿಜೋನಾದಲ್ಲಿ ಅಪಾಯ ಇನ್ನೊಂದು ರೂಪದಲ್ಲಿ ಬಂತು. ಅರಿಜೋನಾ ಇನ್ನೂ ರಾಜ್ಯವೇ ಆಗಿರದಿದ್ದ 1864ರಲ್ಲಿ ಮಾಡಿದ್ದ ಗರ್ಭಪಾತ ನಿಷೇಧವು ಗರ್ಭಪಾತದ ಹಕ್ಕನ್ನು ಮಾನ್ಯ ಮಾಡಿದ್ದ 1973ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನ ನೆರಳಿನಲ್ಲಿ ದಶಕಗಳ ಕಾಲ ಮಲಗಿತ್ತು. 2022ರಲ್ಲಿ ಆ ತೀರ್ಪು ಬಿದ್ದಿತು. 2024ರ ಏಪ್ರಿಲ್‌ನಲ್ಲಿ ರಾಜ್ಯದ ಉಚ್ಚತಮ ನ್ಯಾಯಾಲಯವು 1864ರ ಕಾನೂನನ್ನು ಜಾರಿಗೊಳಿಸಬಹುದೆಂದಿತು. ಶಾಸನಸಭೆ ಅದನ್ನು ಮರು ತಿಂಗಳೇ ಅವಸರದಲ್ಲಿ ರದ್ದು ಮಾಡಿತು. ಗರ್ಭಪಾತದ ಬಗ್ಗೆ ಯಾರ ನಿಲುವು ಏನೇ ಇರಲಿ, ಇಂದಿನ ಮತದಾರರು ಎಂದೂ ಅನುಮೋದಿಸದ ನಿಯಮವೊಂದು ಒಂದೇ ತೀರ್ಪಿನಿಂದ ಮರಳಿ ಬರುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವ ರೀತಿಯಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಆಯ್ದು ಬಳಸುವ ಅವಕಾಶ. ಎಲ್ಲರೂ ಮುರಿಯುವ, ಯಾರ ಮೇಲೂ ಪ್ರಯೋಗವಾಗದ ಕಾನೂನು ಇದ್ದಲ್ಲಿ ಅಧಿಕಾರಿಗೆ ಬೇಡವಾದವನ ಮೇಲೆ ಮಾತ್ರ ಅದನ್ನು ಪ್ರಯೋಗಿಸಬಹುದು. ಬೀದಿಯಲ್ಲಿ ದುಡಿಯುವವರು, ವಲಸಿಗರು, ಅಲ್ಪಸಂಖ್ಯಾತರು, ಸರ್ಕಾರವನ್ನು ಟೀಕಿಸುವವರು ಇಂಥ ಕಾನೂನಿಗೆ ಮೊದಲು ಸಿಕ್ಕಿಬೀಳುತ್ತಾರೆ. ಸಿಂಗಾಪುರವು ಪುರುಷರ ನಡುವಿನ ಲೈಂಗಿಕ ಸಂಬಂಧವನ್ನು ಅಪರಾಧವೆನ್ನುವ 377ಎ ಸೆಕ್ಷನ್ನನ್ನು 2007ರಲ್ಲಿ ಉಳಿಸಿಕೊಂಡು, ಅದನ್ನು ಮುಂದಾಗಿ ಜಾರಿಗೊಳಿಸುವುದಿಲ್ಲವೆಂದು ಭರವಸೆ ಕೊಟ್ಟಿತ್ತು. ಸೆಕ್ಷನ್ ರದ್ದಾದದ್ದು 2022ರಲ್ಲಿ. ಅಷ್ಟು ವರ್ಷಗಳ ಕಾಲ ಒಂದು ಸಮುದಾಯದ ಬದುಕು ಸರ್ಕಾರದ ಬಾಯಿಮಾತಿನ ಮೇಲೆ ನಿಂತಿತ್ತು.

ಇಷ್ಟು ಸ್ಪಷ್ಟವಾಗಿರುವಾಗ ಶಾಸಕರು ಏಕೆ ಸುಮ್ಮನಿರುತ್ತಾರೆ?

ಸೋಮಾರಿತನ ಅಥವಾ ದುರುದ್ದೇಶ ಎಂಬ ಉತ್ತರ ಸುಲಭವಾಗಿ ಬರುತ್ತದೆ, ಆದರೆ ಅದು ಸತ್ಯದ ಚಿಕ್ಕ ಭಾಗ. ಮುಖ್ಯ ಕಾರಣ ಸಭೆಗಳ ರಚನೆಯಲ್ಲೇ ಇದೆ. ಹೊಸ ಕಾನೂನಿಗೆ ಒಬ್ಬ ಒಡೆಯನಿರುತ್ತಾನೆ. ಅದನ್ನು ಮಂಡಿಸುವ ಮಂತ್ರಿ, ಕರಡು ಬರೆಯುವ ಇಲಾಖೆ, ಬೇಡಿಕೆಯಿಟ್ಟ ಸಂಘಟನೆ, ಅಂಗೀಕಾರವಾದ ದಿನ ಸುದ್ದಿ ಮಾಡುವ ಪತ್ರಿಕೆ ಎಲ್ಲವೂ ಅದರ ಹಿಂದಿರುತ್ತವೆ. ಹಳೆಯದನ್ನು ತೆಗೆಯುವ ಕೆಲಸಕ್ಕೆ ಒಡೆಯರಿಲ್ಲ. ಅದು ಯಾವ ಇಲಾಖೆಯ ಗುರಿಯಲ್ಲೂ ಬರುವುದಿಲ್ಲ, ಯಾವ ಪ್ರಣಾಳಿಕೆಯ ಮೊದಲ ಪುಟದಲ್ಲೂ ಇರುವುದಿಲ್ಲ, ಅದನ್ನು ಮಾಡದಿದ್ದುದಕ್ಕೆ ಚುನಾವಣೆ ಸೋತವರೂ ಇಲ್ಲ.

ಎರಡನೆಯದು ಸಮಯ. ಬಜೆಟ್, ಸರ್ಕಾರದ ಮಸೂದೆಗಳು, ಪ್ರಶ್ನೋತ್ತರ ಹಾಗೂ ಆ ವಾರದ ಗದ್ದಲ ಸೇರಿ ಕಲಾಪವನ್ನು ನುಂಗಿಬಿಡುತ್ತವೆ. ಕಲಾಪಪಟ್ಟಿಯನ್ನು ನಿರ್ಧರಿಸುವವರು ಬಹುತೇಕ ಕಡೆ ಆಡಳಿತ ಪಕ್ಷದವರೇ.

ಮೂರನೆಯದು ಅಡ್ಡಗಟ್ಟುಗಳು. ಸಮಿತಿ, ಕೆಳಮನೆ, ಮೇಲ್ಮನೆ, ರಾಷ್ಟ್ರಾಧ್ಯಕ್ಷರ ಅಂಕಿತ ಹೀಗೆ ಕಾನೂನು ದಾಟಬೇಕಾದ ಬಾಗಿಲು ಪ್ರತಿಯೊಂದರಲ್ಲೂ ಬೇಡವೆನ್ನುವವರಿಗೆ ಅವಕಾಶವಿರುತ್ತದೆ. ಅವಸರದ ಕಾನೂನನ್ನು ತಡೆಯಲೆಂದು ಇಟ್ಟ ಈ ಬಾಗಿಲುಗಳು, ಒಮ್ಮೆ ಒಳಗೆ ಬಂದ ಕೆಟ್ಟ ಕಾನೂನು ಹೊರಹೋಗುವುದನ್ನೂ ಅಷ್ಟೇ ಬಿಗಿಯಾಗಿ ತಡೆಯುತ್ತವೆ. ಜೊತೆಗೆ, ಹಳೆಯ ಪರವಾನಗಿ ನಿಯಮದಿಂದ ಲಾಭ ಪಡೆಯುವ ಕೆಲವರಿಗೆ ಅದನ್ನು ಉಳಿಸಿಕೊಳ್ಳಲು ಬಲವಾದ ಕಾರಣವಿರುತ್ತದೆ. ನಷ್ಟ ಲಕ್ಷಾಂತರ ಜನರ ನಡುವೆ ಹಂಚಿಹೋಗಿರುವುದರಿಂದ ಅವರಲ್ಲಿ ಯಾರೂ ಅದಕ್ಕಾಗಿ ಸಭೆಯ ಮೆಟ್ಟಿಲು ಹತ್ತುವುದಿಲ್ಲ.

ನಾಲ್ಕನೆಯದು ರದ್ದತಿಗೆ ಅಂಟಿಕೊಳ್ಳುವ ಅರ್ಥ. ಒಂದು ನಿಷೇಧವನ್ನು ತೆಗೆದರೆ ಆ ಕೃತ್ಯಕ್ಕೇ ಒಪ್ಪಿಗೆ ಕೊಟ್ಟಂತೆ ಎಂದು ಎದುರಾಳಿ ಪ್ರಚಾರ ಮಾಡಬಹುದೆಂಬ ಭಯ ಶಾಸಕರಿಗಿದೆ, ಆ ಭಯ ಆಧಾರವಿಲ್ಲದ್ದೂ ಅಲ್ಲ. ಅಂತರ್ಜನಾಂಗೀಯ ವಿವಾಹದ ನಿಷೇಧಗಳನ್ನು ಅಮೆರಿಕದ ಸುಪ್ರೀಂ ಕೋರ್ಟ್ 1967ರಲ್ಲೇ ರದ್ದುಪಡಿಸಿದ್ದರೂ ಅಲಬಾಮಾ ರಾಜ್ಯದ ಸಂವಿಧಾನದಲ್ಲಿ ಆ ನಿಷೇಧದ ಮಾತುಗಳು 2000ದವರೆಗೆ ಉಳಿದಿದ್ದವು. ಅವುಗಳನ್ನು ಅಳಿಸಲು ನಡೆದ ಜನಮತಗಣನೆಯಲ್ಲಿ ಶೇ 40ರಷ್ಟು ಮತದಾರರು ಬೇಡವೆಂದರು.

ಕೊನೆಯ ಕಾರಣ ಕಡಿಮೆ ಚರ್ಚೆಯಾಗುವಂಥದ್ದು: ಹಳೆಯ ಕಾನೂನು ಸರ್ಕಾರಕ್ಕೆ ಅನುಕೂಲವಾಗಿರುತ್ತದೆ. ಭಾರತದಲ್ಲಿ ತಂತಿ ಸಂದೇಶ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು, ಆದರೆ 1885ರ ಟೆಲಿಗ್ರಾಫ್ ಕಾಯ್ದೆ ನಿಲ್ಲಲಿಲ್ಲ. ದೂರವಾಣಿ ಕದ್ದಾಲಿಕೆಗೆ ಆಧಾರವಾಗಿದ್ದ ಅದೇ ಕಾಯ್ದೆಯಡಿ 2017ರಲ್ಲಿ ಇಂಟರ್‌ನೆಟ್ ಸ್ಥಗಿತಗೊಳಿಸುವ ನಿಯಮಗಳೂ ಬಂದವು. 2023ರ ದೂರಸಂಪರ್ಕ ಕಾಯ್ದೆ ಅದರ ಜಾಗಕ್ಕೆ ಬಂದಾಗಲೂ ಈ ಅಧಿಕಾರಗಳು ಹೊಸ ಕಾಯ್ದೆಯಲ್ಲಿ ಮುಂದುವರಿದವು. ವಿಶಾಲವಾದ, ಅಸ್ಪಷ್ಟವಾದ ಅಧಿಕಾರವನ್ನು ತಾನಾಗಿ ಬಿಟ್ಟುಕೊಡುವ ಸರ್ಕಾರ ಅಪರೂಪ.

ವಸಾಹತು ಆಳ್ವಿಕೆಯ ಕಾನೂನುಗಳು ಸ್ವಾತಂತ್ರ್ಯದ ನಂತರವೂ ಏಕೆ ಉಳಿದವು?

ಆಡಳಿತ ಒಂದು ದಿನವೂ ನಿಲ್ಲಬಾರದೆಂಬ ಕಾರಣಕ್ಕೆ. ಭಾರತದ ಸಂವಿಧಾನದ 372ನೇ ವಿಧಿಯು, ಸಕ್ಷಮ ಶಾಸನಸಭೆ ಬದಲಿಸುವ ಅಥವಾ ರದ್ದು ಮಾಡುವವರೆಗೆ ಹಿಂದಿನ ಕಾನೂನುಗಳು ಜಾರಿಯಲ್ಲಿರುತ್ತವೆಂದು ಹೇಳುತ್ತದೆ. ಹೊಸದಾಗಿ ಸ್ವತಂತ್ರವಾದ ಬಹುತೇಕ ದೇಶಗಳು ಇಂಥದೇ ಏರ್ಪಾಡು ಮಾಡಿಕೊಂಡವು. ಆ ಕ್ಷಣಕ್ಕೆ ಅದು ವಿವೇಕದ ತೀರ್ಮಾನವೇ ಆಗಿತ್ತು. ಆದರೆ ತಾತ್ಕಾಲಿಕ ಸೇತುವೆಗೆ ಗಡುವು ಹಾಕಲಿಲ್ಲ. ಇಷ್ಟು ವರ್ಷಗಳೊಳಗೆ ಪ್ರತಿಯೊಂದನ್ನೂ ಪರಿಶೀಲಿಸಿ ಉಳಿಸಬೇಕು ಅಥವಾ ಕೈಬಿಡಬೇಕು ಎಂಬ ಒಂದು ವಾಕ್ಯ ಆಗಲೇ ಇದ್ದಿದ್ದರೆ, 1860ರ ದಂಡ ಸಂಹಿತೆಯ ಸ್ಥಾನಕ್ಕೆ ಹೊಸದೊಂದು ಬರಲು 2024ರ ಜುಲೈವರೆಗೆ ಕಾಯಬೇಕಾಗುತ್ತಿರಲಿಲ್ಲ.

ನ್ಯಾಯಾಲಯಗಳೇ ಈ ಕೆಲಸ ಮಾಡಬಾರದೇ?

ಒಂದು ಮಿತಿಯವರೆಗೆ ಮಾಡುತ್ತವೆ. ಆದರೆ ನ್ಯಾಯಾಲಯದ ಮುಂದೆ ಯಾರಾದರೂ ಬರಬೇಕು, ಬರುವವರು ಸಾಮಾನ್ಯವಾಗಿ ಆ ಕಾನೂನಿನಿಂದ ಆಗಲೇ ಪೆಟ್ಟು ತಿಂದವರು. ಕಾನೂನು ಮೂರ್ಖತನದ್ದು ಎಂಬ ಕಾರಣಕ್ಕೆ ನ್ಯಾಯಾಲಯ ಅದನ್ನು ರದ್ದು ಮಾಡುವಂತಿಲ್ಲ, ಸಂವಿಧಾನಕ್ಕೆ ವಿರುದ್ಧವಾಗಿದೆಯೆಂದು ತೋರಿಸಬೇಕು. ದಕ್ಷಿಣ ಕೊರಿಯಾದ ಸಾಂವಿಧಾನಿಕ ನ್ಯಾಯಾಲಯವು ವ್ಯಭಿಚಾರದ ಅಪರಾಧವನ್ನು ನಾಲ್ಕು ಬಾರಿ ಎತ್ತಿಹಿಡಿದು, ಐದನೆಯ ಬಾರಿ, 2015ರಲ್ಲಿ, ರದ್ದು ಮಾಡಿತು. ಆ ನಡುವಿನ ವರ್ಷಗಳಲ್ಲಿ ಶಿಕ್ಷೆಗೊಳಗಾದವರ ಹೊರೆಯನ್ನು ಶಾಸನಸಭೆ ಹೊರಲಿಲ್ಲ.

ಅದೇ ನ್ಯಾಯಾಲಯ 2019ರಲ್ಲಿ ಗರ್ಭಪಾತದ ಕಾನೂನನ್ನು ಸರಿಪಡಿಸಲು ಶಾಸನಸಭೆಗೆ 2020ರ ಕೊನೆಯವರೆಗೆ ಗಡುವು ಕೊಟ್ಟಿತು. ಗಡುವು ಮುಗಿಯಿತು, ಹೊಸ ಕಾನೂನು ಬರಲಿಲ್ಲ, ಹಳೆಯ ಅಪರಾಧ ತಾನಾಗಿ ಬಿದ್ದುಹೋಯಿತು. ಯಾವ ಹಂತದವರೆಗೆ, ಯಾವ ವ್ಯವಸ್ಥೆಯಡಿ ಎಂಬ ಪ್ರಶ್ನೆಗಳಿಗೆ ಉತ್ತರಿಸುವ ಶಾಸನವಿಲ್ಲದೆ ವೈದ್ಯರೂ ಮಹಿಳೆಯರೂ ಅನಿಶ್ಚಿತತೆಯಲ್ಲಿ ಉಳಿದರು. ನ್ಯಾಯಾಲಯ ಕೆಡವಬಲ್ಲದು, ಬದಲಿ ವ್ಯವಸ್ಥೆಯನ್ನು ಕಟ್ಟಿಕೊಡುವುದು ಶಾಸನಸಭೆಯಿಂದ ಮಾತ್ರ ಸಾಧ್ಯ.

ಸಾವಿರಾರು ಕಾನೂನುಗಳನ್ನು ಒಂದೇ ಬಾರಿಗೆ ರದ್ದು ಮಾಡಿದ ಸುದ್ದಿ ಬರುತ್ತದಲ್ಲ, ಅದು ಸಾಲದೇ?

ಆ ಕೆಲಸ ಬೇಕು, ಆದರೆ ಸಂಖ್ಯೆಯನ್ನು ನೋಡಿ ತೃಪ್ತಿಪಡಬಾರದು. ಐರ್ಲೆಂಡ್ 2007ರ ಒಂದೇ ಕಾಯ್ದೆಯಿಂದ 3,225 ಹಳೆಯ ಶಾಸನಗಳನ್ನು ತೆಗೆದುಹಾಕಿತು. ಬ್ರಿಟನ್ನಿನಲ್ಲಿ 1965ರಲ್ಲಿ ಸ್ಥಾಪನೆಯಾದ ಕಾನೂನು ಆಯೋಗದ ಶಿಫಾರಸಿನಂತೆ 1969ರಿಂದ 2013ರವರೆಗೆ ರದ್ದತಿ ಕಾಯ್ದೆಗಳ ಒಂದು ಸರಣಿಯೇ ಬಂತು. ಭಾರತದಲ್ಲಿ 1998ರಲ್ಲೇ ಪಿ.ಸಿ. ಜೈನ್ ಆಯೋಗ 1,300ಕ್ಕೂ ಹೆಚ್ಚು ಕಾಯ್ದೆಗಳನ್ನು ಕೈಬಿಡಬಹುದೆಂದಿತ್ತು. 2014ರ ನಂತರ 1,500ಕ್ಕೂ ಹೆಚ್ಚು ರದ್ದಾಗಿವೆ.

ಈ ಪಟ್ಟಿಗಳನ್ನು ಬಿಡಿಸಿ ನೋಡಿದರೆ ಬಹುಪಾಲು ನಿರಪಾಯಕಾರಿಯಾದವೇ. ಮೂಲ ಕಾಯ್ದೆಯಲ್ಲಿ ಆಗಲೇ ಸೇರಿಹೋದ ತಿದ್ದುಪಡಿ ಕಾಯ್ದೆಗಳು, ಖರ್ಚಾಗಿ ಮುಗಿದ ಹಣಕ್ಕೆ ಒಪ್ಪಿಗೆ ಕೊಟ್ಟ ಧನವಿನಿಯೋಗ ಕಾಯ್ದೆಗಳು ಅವುಗಳಲ್ಲಿ ತುಂಬಿರುತ್ತವೆ. ಭಾರತದಲ್ಲಿ 2016ರ ಒಂದು ಕಾಯ್ದೆ ಕೈಬಿಟ್ಟ 700ಕ್ಕೂ ಹೆಚ್ಚು ಶಾಸನಗಳು ಇಂಥ ಧನವಿನಿಯೋಗ ಕಾಯ್ದೆಗಳೇ. ಅವುಗಳನ್ನು ತೆಗೆಯುವುದರಿಂದ ಕಾನೂನಿನ ಪುಸ್ತಕ ತೆಳ್ಳಗಾಗುತ್ತದೆ, ಅದೂ ಒಳ್ಳೆಯದೇ. ಆದರೆ ನಾಗರಿಕನನ್ನು ಜೈಲಿಗೆ ಕಳುಹಿಸಬಲ್ಲ ಒಂದು ಹಳೆಯ ಸೆಕ್ಷನ್ನನ್ನು ಚರ್ಚಿಸಿ ರದ್ದು ಮಾಡುವ ಶ್ರಮ ನೂರು ಧನವಿನಿಯೋಗ ಕಾಯ್ದೆಗಳನ್ನು ಧ್ವನಿಮತದಿಂದ ಕೈಬಿಡುವುದಕ್ಕಿಂತ ಹೆಚ್ಚಿನದು. ರದ್ದತಿಯ ಯಶಸ್ಸನ್ನು ಜನರ ಮೇಲಿನ ಭಾರ ಎಷ್ಟು ಇಳಿಯಿತು ಎಂಬುದರಿಂದ ಅಳೆಯಬೇಕು. ಈ ದೃಷ್ಟಿಯಿಂದ 42 ಕಾಯ್ದೆಗಳ 183 ಅಂಶಗಳಲ್ಲಿ ಅಪರಾಧದ ಸ್ವರೂಪವನ್ನು ಸಡಿಲಿಸಿದ 2023ರ ಜನ ವಿಶ್ವಾಸ ಕಾಯ್ದೆಯ ದಾರಿ ಹೆಚ್ಚು ಪ್ರಯೋಜನಕಾರಿ.

ಪ್ರತಿ ಕಾನೂನಿಗೂ ಮುಕ್ತಾಯದ ದಿನಾಂಕ ಹಾಕಿಬಿಟ್ಟರೆ?

ಈ ಯೋಚನೆ ಹೊಸದಲ್ಲ. ಅಮೆರಿಕದ ಸ್ಥಾಪಕರಲ್ಲೊಬ್ಬನಾದ ಥಾಮಸ್ ಜೆಫರ್ಸನ್ 1789ರಲ್ಲಿ ಜೇಮ್ಸ್ ಮ್ಯಾಡಿಸನ್‌ಗೆ ಬರೆದ ಪತ್ರದಲ್ಲಿ, ಭೂಮಿ ಬದುಕಿರುವವರಿಗೆ ಸೇರಿದ್ದು ಎಂಬ ನೆಲೆಯಿಂದ, ಮರಣದ ಅಂಕಿಅಂಶಗಳನ್ನು ಲೆಕ್ಕಹಾಕಿ, ಕಾನೂನುಗಳು 19 ವರ್ಷಕ್ಕೆ ಮುಗಿಯಬೇಕೆಂದು ವಾದಿಸಿದ್ದ. ಎಲ್ಲವೂ ಮೇಲಿಂದ ಮೇಲೆ ಮುಗಿಯುತ್ತಿದ್ದರೆ ಆಸ್ತಿ ಮತ್ತು ಒಪ್ಪಂದಗಳ ಭದ್ರತೆ ಏನಾಗಬೇಕೆಂಬ ಆತಂಕ ಮ್ಯಾಡಿಸನ್‌ನದಾಗಿತ್ತು. ಇಬ್ಬರ ಮಾತಿನಲ್ಲೂ ಹುರುಳಿದೆ.

ಅನುಭವ ಹೇಳುವುದೇನೆಂದರೆ, ಮುಕ್ತಾಯದ ದಿನಾಂಕ ಎಲ್ಲ ಕಾನೂನಿಗೂ ಒಂದೇ ರೀತಿ ಒಗ್ಗುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2003ರ ಕಾಯ್ದೆಯ ಪ್ರಕಾರ ಇಲಾಖೆಗಳು ಹೊರಡಿಸುವ ನಿಯಮಗಳು ಸಾಮಾನ್ಯವಾಗಿ 10 ವರ್ಷಕ್ಕೆ ತಾವಾಗಿ ಮುಗಿಯುತ್ತವೆ. ಬೇಕಾದರೆ ಇಲಾಖೆ ಸಮರ್ಥಿಸಿಕೊಂಡು ಹೊಸದಾಗಿ ಮಾಡಬೇಕು. ಅಧೀನ ನಿಯಮಗಳಿಗೆ ಇದು ಹೇಳಿಮಾಡಿಸಿದ ಏರ್ಪಾಡು. ಕೆನಡಾ ಇನ್ನೊಂದು ಅಚ್ಚುಕಟ್ಟಾದ ನಿಯಮ ಮಾಡಿಕೊಂಡಿದೆ: ಸಂಸತ್ತು ಅಂಗೀಕರಿಸಿದ್ದರೂ ವರ್ಷಗಟ್ಟಲೆ ಜಾರಿಗೆ ಬಾರದ ಶಾಸನಗಳ ಪಟ್ಟಿಯನ್ನು ಸರ್ಕಾರ ಪ್ರತಿ ವರ್ಷ ಸದನದ ಮುಂದಿಡಬೇಕು, ಉಳಿಸಬೇಕೆಂದು ಸದನ ನಿರ್ಣಯಿಸದಿದ್ದರೆ ಅವು ವರ್ಷಾಂತ್ಯಕ್ಕೆ ರದ್ದಾಗುತ್ತವೆ.

ವಿಶೇಷ ಅಧಿಕಾರದ ಕಾನೂನುಗಳ ವಿಷಯದಲ್ಲಿ ಚಿತ್ರ ಬೇರೆ. ಬ್ರಿಟನ್ನಿನಲ್ಲಿ 1974ರಲ್ಲಿ ತಾತ್ಕಾಲಿಕವೆಂದು ತಂದ ಭಯೋತ್ಪಾದನೆ ತಡೆ ಕಾಯ್ದೆ ನವೀಕರಣಗೊಳ್ಳುತ್ತಾ ಕಾಲು ಶತಮಾನ ನಡೆಯಿತು, ಆಮೇಲೆ ಅದರ ಜಾಗಕ್ಕೆ ಶಾಶ್ವತ ಕಾನೂನೇ ಬಂತು. ಭಾರತದ ಭಯೋತ್ಪಾದನೆ ತಡೆ ಕಾನೂನಾಗಿದ್ದ ಟಾಡಾ ಕೂಡ 1985ರಿಂದ ಮತ್ತೆ ಮತ್ತೆ ವಿಸ್ತರಣೆ ಪಡೆಯಿತು, ಆದರೆ 1995ರಲ್ಲಿ ಗಡುವು ಬಂದಾಗ ಅದನ್ನು ಮತ್ತೆ ಎತ್ತಿಹಿಡಿಯಲು ಸರ್ಕಾರಕ್ಕೆ ಧೈರ್ಯ ಸಾಲಲಿಲ್ಲ, ಅದು ಅಲ್ಲಿಗೆ ಮುಗಿಯಿತು. ಗಡುವು ಇದ್ದದ್ದರಿಂದಲೇ ಅಷ್ಟಾದರೂ ಸಾಧ್ಯವಾಯಿತು.

ಗಡುವಿನ ಅತ್ಯುತ್ತಮ ಬಳಕೆ ಬ್ರಿಟನ್ ಮರಣದಂಡನೆಯನ್ನು ತೆಗೆದ ರೀತಿಯಲ್ಲಿದೆ. 1965ರ ಕಾಯ್ದೆ ಕೊಲೆಗೆ ಮರಣದಂಡನೆಯನ್ನು ಐದು ವರ್ಷಕ್ಕೆಂದು ನಿಲ್ಲಿಸಿತು. ಹಿಂಜರಿಯುತ್ತಿದ್ದ ಸದಸ್ಯರಿಗೆ ಪರೀಕ್ಷಿಸಿ ನೋಡುವ ಅವಕಾಶ ಸಿಕ್ಕಿತು. 1969ರ ಡಿಸೆಂಬರ್‌ನಲ್ಲಿ ಎರಡೂ ಸದನಗಳು ಅದನ್ನು ಶಾಶ್ವತಗೊಳಿಸಿದವು. ಕೆಟ್ಟ ಬಳಕೆಯ ಸನಿಹಕ್ಕೆ ಹೋದದ್ದೂ ಅದೇ ದೇಶ. ಐರೋಪ್ಯ ಒಕ್ಕೂಟದಿಂದ ಉಳಿದುಬಂದ ಕಾನೂನುಗಳೆಲ್ಲ 2023ರ ಕೊನೆಗೆ ಒಟ್ಟಿಗೇ ಮುಗಿಯಬೇಕೆಂದು ಮಸೂದೆ ತಂದು, ಅವು ಎಷ್ಟಿವೆಯೆಂಬ ಪೂರ್ತಿ ಪಟ್ಟಿಯೇ ಇಲ್ಲದೆ ಇಲಾಖೆಗಳು ಪರದಾಡಿದ ಮೇಲೆ, ಸರ್ಕಾರ ಹಿಂದೆ ಸರಿದು ಸುಮಾರು 600 ಕಾನೂನುಗಳನ್ನು ಹೆಸರಿಸಿ ಕೈಬಿಟ್ಟಿತು. ಏನಿದೆಯೆಂದು ತಿಳಿಯದೆ ಎಲ್ಲವನ್ನೂ ಮುಗಿಸಲು ಹೊರಡಬಾರದು.

ಶಾಸನಸಭೆಯ ಒಳಗೆ ನಿರ್ದಿಷ್ಟವಾಗಿ ಏನು ಬದಲಾಗಬೇಕು?

ರದ್ದತಿಗೆ ಒಡೆಯರಿಲ್ಲವೆಂಬುದೇ ರೋಗದ ಮೂಲವಾದರೆ, ಒಡೆಯರನ್ನು ನೇಮಿಸುವುದರಿಂದಲೇ ಚಿಕಿತ್ಸೆ ಆರಂಭವಾಗಬೇಕು. ಅಥೆನ್ಸ್ ನಗರರಾಜ್ಯ ಕ್ರಿ.ಪೂ. ನಾಲ್ಕನೆಯ ಶತಮಾನದಲ್ಲೇ ಇದನ್ನು ಅರಿತಿತ್ತು. ವರ್ಷಕ್ಕೊಮ್ಮೆ ಕಾನೂನುಗಳನ್ನು ಸಭೆಯ ಮುಂದಿಟ್ಟು ಉಳಿಸಬೇಕೇ ಎಂದು ಕೇಳುವ ಪದ್ಧತಿ ಅಲ್ಲಿತ್ತು; ಹೊಸ ಕಾನೂನು ತರುವವನು ಅದಕ್ಕೆ ವಿರುದ್ಧವಾದ ಹಳೆಯದರ ರದ್ದತಿಯನ್ನೂ ತಾನೇ ಸೂಚಿಸಬೇಕಿತ್ತು; ಹಳೆಯ ಕಾನೂನಿನ ಪರವಾಗಿ ವಾದಿಸಲು ಜನರನ್ನು ಗೊತ್ತುಮಾಡಲಾಗುತ್ತಿತ್ತು.

ಇಂದಿನ ಸಭೆಗಳಿಗೆ ನಾನು ಮೊದಲು ಸೂಚಿಸುವುದು ಕಾನೂನು ಆಯೋಗದ ವರದಿಗೆ ಉತ್ತರಿಸುವ ಹೊಣೆ. ಬ್ರಿಟನ್ನಿನ ಆಯೋಗ ಶಾಸನದಿಂದ ಸ್ಥಾಪಿತವಾದದ್ದು, 2009ರಿಂದ ಅಲ್ಲಿನ ಮಂತ್ರಿ ಆಯೋಗದ ಎಷ್ಟು ಶಿಫಾರಸುಗಳು ಜಾರಿಯಾದವೆಂದು ಪ್ರತಿ ವರ್ಷ ಸಂಸತ್ತಿಗೆ ವರದಿ ಕೊಡಬೇಕು. ಭಾರತದ ಕಾನೂನು ಆಯೋಗ ಸರ್ಕಾರದ ಆದೇಶದಿಂದ ಮೂರು ವರ್ಷದ ಅವಧಿಗೆ ರಚನೆಯಾಗುವಂಥದ್ದು, ಅದರ ವರದಿಗೆ ಇಂತಿಷ್ಟು ದಿನದಲ್ಲಿ ಉತ್ತರಿಸಬೇಕೆಂಬ ಶಾಸನಬದ್ಧ ಕಟ್ಟುಪಾಡಿಲ್ಲ. ಒಳ್ಳೆಯ ವರದಿಗಳು ನನೆಗುದಿಗೆ ಬೀಳುವುದು ಹೀಗೆಯೇ.

ಇನ್ನೊಂದು, ರದ್ದತಿಗೆ ಮೀಸಲಾದ ದಿನಗಳು ಮತ್ತು ಹಗುರವಾದ ದಾರಿ. ವಿವಾದವಿಲ್ಲದ ರದ್ದತಿ ಹಾಗೂ ಪುನರ್ರಚನೆಯ ಮಸೂದೆಗಳು ಸರ್ಕಾರದ ದೊಡ್ಡ ಮಸೂದೆಗಳೊಂದಿಗೆ ಸದನದ ಸಮಯಕ್ಕಾಗಿ ಸ್ಪರ್ಧಿಸಬಾರದು. ನ್ಯೂಜಿಲೆಂಡಿನಲ್ಲಿ ಹಳೆಯ ಕಾಯ್ದೆಗಳ ಸಾರವನ್ನು ಬದಲಿಸದೆ ಇಂದಿನ ಭಾಷೆಯಲ್ಲಿ ಮರುಬರೆಯುವ ಮೂರು ವರ್ಷದ ಕಾರ್ಯಕ್ರಮವಿದೆ, ಅಂಥ ಮಸೂದೆಗಳಿಗೆ ಸರಳ ಕಲಾಪವಿದೆ. ಚದುರಿದ್ದ ವಾಣಿಜ್ಯ ಕಾಯ್ದೆಗಳನ್ನು ಒಟ್ಟುಗೂಡಿಸಿದ 2017ರ ಕಾಯ್ದೆ ಹೀಗೆ ಬಂತು. ನ್ಯಾಯಾಲಯ ಅಸಿಂಧುಗೊಳಿಸಿದ ಸೆಕ್ಷನ್‌ಗಳಿಗಂತೂ ಇನ್ನೂ ಸರಳವಾದ ನಿಯಮ ಬೇಕು: ತೀರ್ಪು ಬಂದ ಮುಂದಿನ ಅಧಿವೇಶನದಲ್ಲಿ ಸರ್ಕಾರ ರದ್ದತಿಯನ್ನು ಮಂಡಿಸಬೇಕು ಅಥವಾ ಏಕೆ ಮಂಡಿಸುತ್ತಿಲ್ಲವೆಂದು ಸದನಕ್ಕೆ ತಿಳಿಸಬೇಕು. ಕೆನಡಾ ತನ್ನ ಸತ್ತ ಸೆಕ್ಷನ್‌ಗಳನ್ನು ಸಂಹಿತೆಯಿಂದ ತೆಗೆದದ್ದು ಆಲ್ಬರ್ಟಾದ ತೀರ್ಪಿನ ಎರಡು ವರ್ಷಕ್ಕೂ ಹೆಚ್ಚು ಕಾಲದ ಮೇಲೆ.

ಅಂಗೀಕಾರವಾದ ಕಾನೂನು ಹೇಗೆ ಕೆಲಸ ಮಾಡಿತೆಂದು ತಿರುಗಿ ನೋಡುವುದೂ ಸದನದ ಕೆಲಸವಾಗಬೇಕು. 2008ರಿಂದ ಬ್ರಿಟನ್ನಿನ ಇಲಾಖೆಗಳು ಕಾಯ್ದೆ ಬಂದ ಮೂರರಿಂದ ಐದು ವರ್ಷದೊಳಗೆ ಅದರ ಪರಿಣಾಮದ ಬಗ್ಗೆ ಸಂಬಂಧಪಟ್ಟ ಸಮಿತಿಗೆ ಟಿಪ್ಪಣಿ ಕೊಡುವ ಪದ್ಧತಿಯಿದೆ. ಸ್ವಿಟ್ಜರ್ಲೆಂಡ್ ಇನ್ನೂ ಮುಂದೆ ಹೋಗಿ, ಸರ್ಕಾರದ ಕ್ರಮಗಳ ಪರಿಣಾಮದ ಮೌಲ್ಯಮಾಪನವನ್ನು ಸಂವಿಧಾನದ 170ನೇ ವಿಧಿಯಲ್ಲೇ ಸಂಸತ್ತಿನ ಹೊಣೆಯಾಗಿಸಿದೆ.

ಸಾಮಾನ್ಯ ಸದಸ್ಯರ ಪಾತ್ರವೇನು?

ಬಹಳ ದೊಡ್ಡದಾಗಬಹುದಿತ್ತು. ಪಕ್ಷಗಳು ಅಧಿಕೃತವಾಗಿ ಮುಟ್ಟಲು ಹೆದರುವ ವಿಷಯಗಳನ್ನು ಒಬ್ಬ ಸದಸ್ಯ ಎತ್ತಿಕೊಳ್ಳಬಲ್ಲ. ಮರಣದಂಡನೆಯನ್ನು ನಿಲ್ಲಿಸಿದ 1965ರ ಬ್ರಿಟಿಷ್ ಕಾಯ್ದೆ ಖಾಸಗಿ ಸದಸ್ಯನ ಮಸೂದೆಯಾಗಿ ಬಂದದ್ದು, 1967ರ ಗರ್ಭಪಾತ ಕಾಯ್ದೆಯೂ ಹಾಗೆಯೇ. ಸರ್ಕಾರ ಸಮಯ ಕೊಟ್ಟಿತು, ಸದಸ್ಯರು ಆತ್ಮಸಾಕ್ಷಿಯಂತೆ ಮತ ಹಾಕಿದರು.

ಭಾರತದ ಸಂಸತ್ತಿನಲ್ಲಿ ಸ್ವಾತಂತ್ರ್ಯಾನಂತರ ಅಂಗೀಕಾರವಾದ ಖಾಸಗಿ ಸದಸ್ಯರ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ಶುಕ್ರವಾರದ ಎರಡೂವರೆ ಗಂಟೆ ಅವುಗಳಿಗೆ ಮೀಸಲು, ಅದೂ ಗದ್ದಲದಲ್ಲಿ ಕೊಚ್ಚಿಹೋಗುವುದುಂಟು. 1985ರ ಪಕ್ಷಾಂತರ ನಿಷೇಧದ ನಂತರ ಪಕ್ಷದ ಮತದಾನದ ಆದೇಶವಾದ ವಿಪ್ ಉಲ್ಲಂಘಿಸಿದರೆ ಸದಸ್ಯತ್ವವೇ ಹೋಗುವ ಅಪಾಯವಿದೆ. ಸರ್ಕಾರದ ಉಳಿವು ಅಡಗಿರುವ ವಿಶ್ವಾಸಮತ ಮತ್ತು ಹಣಕಾಸಿನ ಮಸೂದೆಗಳಿಗೆ ವಿಪ್ ಕಟ್ಟುನಿಟ್ಟಾಗಿರಲಿ. ಶತಮಾನದ ಹಿಂದಿನ ಒಂದು ಅಪರಾಧವನ್ನು ಉಳಿಸಬೇಕೇ ಬೇಡವೇ ಎಂಬ ಮತದಾನದಲ್ಲಿ ಸದಸ್ಯರನ್ನು ಕಟ್ಟಿಹಾಕುವುದಕ್ಕೆ ನನಗೆ ಸಮರ್ಥನೆ ಕಾಣುವುದಿಲ್ಲ.

ಮೇಲ್ಮನೆಯನ್ನೇ ತೆಗೆದರೆ ಕೆಲಸ ವೇಗವಾಗುವುದಿಲ್ಲವೇ?

ವೇಗವಾಗಬಹುದು, ಆದರೆ ಯಾವ ಕೆಲಸ ಎಂಬುದು ಪ್ರಶ್ನೆ. ನ್ಯೂಜಿಲೆಂಡ್, ಡೆನ್ಮಾರ್ಕ್, ಸ್ವೀಡನ್ ಮೇಲ್ಮನೆಯಿಲ್ಲದೆ ನಡೆಯುತ್ತಿವೆ, ಅಮೆರಿಕದ ನೆಬ್ರಾಸ್ಕಾ ರಾಜ್ಯ 1937ರಿಂದ ಒಂದೇ ಸದನದಲ್ಲಿ ಶಾಸನ ಮಾಡುತ್ತಿದೆ. ಒಂದು ಬಾಗಿಲು ಕಡಿಮೆಯಾದರೆ ರದ್ದತಿಯಂತೆಯೇ ಅವಸರದ ಕಾನೂನೂ ಸುಲಭವಾಗುತ್ತದೆ. ಇಚ್ಛೆಯೇ ಇಲ್ಲದಿದ್ದಲ್ಲಿ ಸದನಗಳ ಸಂಖ್ಯೆ ಬದಲಾಯಿಸಿ ಪ್ರಯೋಜನವಿಲ್ಲ.

ಆಳವಾದ ಭಿನ್ನಾಭಿಪ್ರಾಯವಿರುವ ಕಾನೂನುಗಳನ್ನು ಏನು ಮಾಡುವುದು?

ಇಲ್ಲಿ ಐರ್ಲೆಂಡಿನ ಅನುಭವವನ್ನು ನಾನು ತುಂಬು ಗೌರವದಿಂದ ಮುಂದಿಡುತ್ತೇನೆ. ಗರ್ಭಪಾತದ ನಿಷೇಧವನ್ನು 1983ರಲ್ಲಿ ಸಂವಿಧಾನದ ಎಂಟನೆಯ ತಿದ್ದುಪಡಿಯಾಗಿ ಸೇರಿಸಿದ ನಂತರ ಅದನ್ನು ಮುಟ್ಟುವ ಧೈರ್ಯ ದೊಡ್ಡ ಪಕ್ಷಗಳಿಗೆ ಇರಲಿಲ್ಲ. 2016ರಲ್ಲಿ ಯಾದೃಚ್ಛಿಕವಾಗಿ ಆರಿಸಿದ 99 ನಾಗರಿಕರ ಸಭೆಯೊಂದು ನಿವೃತ್ತಿಯಂಚಿನ ನ್ಯಾಯಾಧೀಶೆಯ ಅಧ್ಯಕ್ಷತೆಯಲ್ಲಿ ಸೇರಿತು. ವೈದ್ಯರು, ಕಾನೂನು ತಜ್ಞರು, ಪರ ಮತ್ತು ವಿರೋಧದ ಸಂಘಟನೆಗಳು ಮತ್ತು ಸ್ವತಃ ಅನುಭವಿಸಿದ ಮಹಿಳೆಯರ ಮಾತುಗಳನ್ನು ಅವರು ಕೇಳಿ, ಮೇಜಿನ ಸುತ್ತ ಕುಳಿತು ಚರ್ಚಿಸಿ, ಬದಲಾವಣೆಗೆ ಶಿಫಾರಸು ಮಾಡಿದರು. ಸಂಸತ್ತಿನ ಸಮಿತಿ ಅದನ್ನು ಪರಿಶೀಲಿಸಿತು, 2018ರ ಮೇ ತಿಂಗಳ ಜನಮತಗಣನೆಯಲ್ಲಿ ಶೇ 66.4 ಮಂದಿ ರದ್ದತಿಗೆ ಒಪ್ಪಿದರು. ನಾಗರಿಕರ ಸಭೆ ಶಾಸನಸಭೆಯ ಜಾಗವನ್ನು ಕಸಿದುಕೊಳ್ಳಲಿಲ್ಲ. ಜನರು ಈ ವಿಷಯವನ್ನು ಶಾಂತವಾಗಿ ಚರ್ಚಿಸಬಲ್ಲರೆಂದು ಶಾಸಕರಿಗೆ ತೋರಿಸಿತು.

ರದ್ದು ಮಾಡುವ ಅವಸರದಲ್ಲಿ ಬೇಕಾದದ್ದನ್ನೂ ಕಳೆದುಕೊಳ್ಳುವ ಅಪಾಯವಿಲ್ಲವೇ?

ಖಂಡಿತ ಇದೆ. ಹಳೆಯ ಕಾಯ್ದೆಯ ಮೂಲೆಯಲ್ಲಿ ಯಾರದೋ ಪಿಂಚಣಿ, ದಾರಿಯ ಹಕ್ಕು, ದತ್ತಿಯ ಆಸ್ತಿ ಅಡಗಿರಬಹುದು. ಅದಕ್ಕಾಗಿಯೇ ರದ್ದತಿ ಕಾಯ್ದೆಗಳಲ್ಲಿ ಉಳಿಕೆಯ ಷರತ್ತು ಇರುತ್ತದೆ. ಭಾರತದ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ಬೇರೆ ಉದ್ದೇಶ ಕಾಣದಿದ್ದರೆ, ರದ್ದಾದ ಕಾನೂನಿನಡಿ ಆಗಲೇ ದೊರೆತ ಹಕ್ಕುಗಳಿಗೆ, ನಡೆಯುತ್ತಿರುವ ಮೊಕದ್ದಮೆಗಳಿಗೆ ರದ್ದತಿಯಿಂದ ಬಾಧೆಯಿಲ್ಲ. ರದ್ದು ಮಾಡುವ ಕಾನೂನನ್ನೇ ಮುಂದೆ ರದ್ದು ಮಾಡಿದರೆ ಮೊದಲಿನದು ಮರಳಿ ಬರುವುದೂ ಇಲ್ಲ. ಇದರ ಜೊತೆಗೆ ಕರಡು ಪಟ್ಟಿಯನ್ನು ಮುಂಚಿತವಾಗಿ ಪ್ರಕಟಿಸಿ ಆಕ್ಷೇಪಣೆಗೆ ಸಾಕಷ್ಟು ಕಾಲ ಕೊಟ್ಟರೆ ಅಪಾಯ ಬಹಳಷ್ಟು ತಗ್ಗುತ್ತದೆ.

ಒಬ್ಬ ನಾಗರಿಕ ಏನು ಮಾಡಬಹುದು?

ಕಾನೂನುಗಳೆಲ್ಲ ಹಳತಾಗಿವೆ ಎಂಬ ದೂರಿನಿಂದ ಏನೂ ಆಗುವುದಿಲ್ಲ. ಒಂದು ಸೆಕ್ಷನ್ನನ್ನು ಹಿಡಿಯಿರಿ. ಕಾಯ್ದೆಯ ಹೆಸರು, ವರ್ಷ, ಸೆಕ್ಷನ್ ಸಂಖ್ಯೆ, ಅದು ಈಗ ಯಾರಿಗೆ ಯಾವ ತೊಂದರೆ ಕೊಡುತ್ತಿದೆ, ಅದರ ಉದ್ದೇಶವನ್ನು ಬೇರೆ ಯಾವ ಕಾನೂನು ಈಡೇರಿಸುತ್ತಿದೆ, ರದ್ದಾದರೆ ಯಾವ ಹಕ್ಕನ್ನು ಉಳಿಸಿಕೊಳ್ಳಬೇಕು ಎಂಬ ಆರು ವಿಷಯಗಳನ್ನು ಒಂದು ಪುಟದಲ್ಲಿ ಬರೆದು ಸದನದ ಅರ್ಜಿ ಸಮಿತಿಗೆ, ಕಾನೂನು ಆಯೋಗಕ್ಕೆ ಮತ್ತು ನಿಮ್ಮ ಪ್ರತಿನಿಧಿಗೆ ಕಳುಹಿಸಿ. ಪ್ರತಿನಿಧಿಯ ಬಳಿ ಕೇಳಬೇಕಾದದ್ದು ಬೆಂಬಲದ ಭರವಸೆಯಲ್ಲ, ಸದನದಲ್ಲಿ ಲಿಖಿತ ಉತ್ತರ ಬೇಡುವ ಒಂದು ಪ್ರಶ್ನೆ. ಈ ಸೆಕ್ಷನ್ ಅಡಿ ಕಳೆದ 10 ವರ್ಷಗಳಲ್ಲಿ ಎಷ್ಟು ಪ್ರಕರಣಗಳು ದಾಖಲಾಗಿವೆ, ಎಷ್ಟರಲ್ಲಿ ಶಿಕ್ಷೆಯಾಗಿದೆ ಎಂದು ಸರ್ಕಾರ ಲಿಖಿತವಾಗಿ ಹೇಳಬೇಕಾಗಿ ಬಂದರೆ, ಯಾವುದೋ ಒಂದು ಇಲಾಖೆಯಲ್ಲಿ ಯಾರೋ ಒಬ್ಬರು ಆ ಕಡತವನ್ನು ಬಿಚ್ಚಿ ಓದಲೇಬೇಕಾಗುತ್ತದೆ.